ಐವರಿ, ಕ್ರೀಮ್ ಮತ್ತು ಅಟ್ಟದ ಕಾಯಿ

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ತಿಪಟೂರಿನಲ್ಲಿ ಡಿಗ್ರಿ ಮುಗಿಸಿ ನಾನು ಊರಿಗೆ ಬಂದಿದ್ದೆ. ಶೆಟ್ಟಿಕೆರೆ ಹತ್ತಿರದ ನಮ್ಮ ಮನೆಗೆ ಮೊದಲ ಸಲ ಸುಣ್ಣದ ಬದಲು ಪೇಂಟ್ ಬಳಿಸುವುದೆಂದು ತೀರ್ಮಾನವಾಗಿತ್ತು. ಪೇಂಟರ್ ನಡುಮನೆಯ ಒಳಗೋಡೆಗೆ ಒಂದು ಪಟ್ಟಿ ಐವರಿ, ಬಾಗಿಲ ಪಕ್ಕ ಒಂದು ಪಟ್ಟಿ ಕ್ರೀಮ್ ಬಳಿದು, ಆರಿದ ಮೇಲೆ ನೋಡಿ ಹೇಳಿ ಎಂದು ಹೋಗಿದ್ದ.

ಕೋಣೆಗೂ ಬಣ್ಣ ಆಗಬೇಕಿತ್ತಲ್ಲ, ಅಲ್ಲಿನ ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ಹಾಕಿದ್ದ, ಸಿಪ್ಪೆ ಸುಲಿಯದ ಕಾಯಿಗಳನ್ನೆಲ್ಲ ಅಪ್ಪ ನಡುಮನೆಯ ಅಟ್ಟಕ್ಕೇ ತುಂಬಿಸಿದ್ದರು. ಅದು ಮೊದಲೇ ತುಂಬಿದ ಅಟ್ಟ. "ನಮ್ಮಪ್ಪ ಹಾಕ್ಸಿದ್ ಹಲಗೆ ಕಣಪ್ಪ, ಏನೂ ಆಗಲ್ಲ ಬುಡು" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಅಮ್ಮ ಅಟ್ಟದ ಕೆಳಗೆ, ಐವರಿಯ ಮುಂದೆ ನಿಂತಿದ್ದಳು.

"ಇದು ಎಳನೀರಿನ ಗಂಜಿ ಥರ ಐತೆ. ಅದು ಕೊಬ್ಬರಿ ಥರ."

ಹೊಸ್ತಿಲ ಬಳಿ ಕೂತಿದ್ದ ಅಪ್ಪ ಗೊಣಗಿದರು: "ಎರಡೂ ಒಂದೇ ಕಣೇ. ಯಾವುದಾದ್ರೂ ಒಂದಕ್ಕೆ ಹೂಂ ಅಂದು ಊಟಕ್ಕಿಕ್ಕು."

"ಹಸುವಿನ ಬಣ್ಣ ಆಗಿದ್ರೆ ಮೈಲಿ ದೂರದಿಂದ್ಲೇ ಹೇಳ್ತಿದ್ರಿ! ತಡೀರಿ, ಅದನ್ನೂ ಹತ್ರದಿಂದ ನೋಡ್ತೀನಿ."

ಅವಳು ಕ್ರೀಮ್ ಪಟ್ಟಿಯತ್ತ ಬಂದು ಗೋಡೆಗೆ ಕೈಯಿಟ್ಟಳು. ಹಿಂದೆ ಹಲಗೆ ಲಟಕ್ಕೆಂದಿತು. ಅವಳು ನಿಂತಿದ್ದ ಜಾಗಕ್ಕೆ ಕಾಯಿಗಳು ಧಬಧಬ ಸುರಿದವು. ಧೂಳಿನಲ್ಲಿ ಏನೂ ಕಾಣಲಿಲ್ಲ. ಅಪ್ಪ ಎದ್ದು ನಿಂತಿದ್ದರು.

ಧೂಳು ಇಳಿದಾಗ ಅಮ್ಮ ಬಾಗಿಲ ಪಕ್ಕವೇ ಇದ್ದಳು. ಕಾಲಿನವರೆಗೆ ಉರುಳಿ ಬಂದ ಕಾಯಿಯನ್ನೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಗಡಗಡ ಎಂದಿತು.

"ಒಣಗೈತೆ ಕಣ್ರೀ" ಎಂದಳು. ಅಪ್ಪ ಅವಳ ಕೈಯಿಂದ ಕಾಯಿ ತೆಗೆದುಕೊಂಡರು, ಕೈ ಬಿಡಲಿಲ್ಲ.

ಈಗಲೂ ಎಲ್ಲಾದರೂ ಹಲಗೆ ಕಿರುಗುಟ್ಟಿದರೆ ನನಗೆ ಆ ನಡುಮನೆ ಕಾಣುತ್ತದೆ. ಅವತ್ತು ಎರಡೂ ಒಂದೇ ಎಂಬ ಅಪ್ಪನ ಮಾತು ನಂಬಿ ಅಮ್ಮ ಐವರಿಯ ಮುಂದೆಯೇ ನಿಂತುಬಿಟ್ಟಿದ್ದರೆ? ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುವುದಿಲ್ಲ, ಮತ್ತೆ ಮೊದಲಿಂದ ಶುರುವಾಗುತ್ತದೆ.

ಅಟ್ಟಕ್ಕೆ ಹೊಸ ತೊಲೆ, ಹಲಗೆ ಹಾಕಿಸಿ, ಇಡೀ ಮನೆಗೆ ಕ್ರೀಮ್ ಬಳಿಸಿದೆವು. ಎಲ್ಲ ಮುಗಿದ ಮೇಲೆ ಅಮ್ಮ ಸುತ್ತಲೂ ನೋಡಿ, "ನೀವಂದಿದ್ದೇ ಸರಿ ಕಣ್ರೀ. ಐವರೀನೂ ಹಿಂಗೇ ಕಾಣ್ತಿತ್ತು" ಎಂದಳು.

ಅಪ್ಪ ತಲೆ ಎತ್ತಲಿಲ್ಲ. "ಇಲ್ಲ ಕಣೇ. ಬೇರೆ ಬೇರೆ" ಎಂದರು.