ಉಡಿಗಾಲದ ಜರ್ಸಿ ತೊಟ್ಟ ಗುಂಡ್ಲುಪೇಟೆಯವನು

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಮಹಾಲಿಂಗ ಸೆಕ್ಯೂರಿಟಿ ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು. ಪಾಳಿ ಬಿಟ್ಟಾಗ ಸಾಲಾಗಿ ಹೊರಬರುವವರ ಊಟದ ಡಬ್ಬಿ, ಬ್ಯಾಗು, ಮಡಚಿದ ಛತ್ರಿ ಎಲ್ಲವನ್ನೂ ಬಿಚ್ಚಿಸಿ ನೋಡುವುದು ಅವನ ಕೆಲಸ. ಬ್ಯಾಗು ನೋಡುವ ಮೊದಲು ಮುಖ ನೋಡಬೇಕು, ಮುಖ ನೋಡುವ ಮೊದಲು ನಡಿಗೆ ನೋಡಬೇಕು ಎನ್ನುವುದು ಹೊಸಬರಿಗೆ ಅವನು ಹೇಳಿಕೊಡುತ್ತಿದ್ದ ಪಾಠ. ಉಡಿಗಾಲದ ಮನೆಗೆ ಬಂದ ಮೇಲೂ ಆ ಕಣ್ಣಿಗೆ ಬಿಡುವಿರಲಿಲ್ಲ. ಹಾಲಿನವನು ಒಂದು ದಿನ ಬೇರೆ ಬೀದಿಯಿಂದ ಬಂದರೆ ಯಾಕೆ ಎಂದು ಕೇಳುತ್ತಿದ್ದ. ಹೆಂಡತಿ ಗುರುಮಲ್ಲಮ್ಮ ಸಾರಿಗೆ ಬೇರೆ ಪುಡಿ ಹಾಕಿದರೆ ಅದಕ್ಕೂ ವಿಚಾರಣೆ.

"ಆ ಗೇಟ್ನ ಅಲ್ಲೇ ಬುಟ್ಟು ಬನ್ನಿ. ಮನೆಗ್ಯಾಕ್ ಒತ್ಕಂಡ್ ಬತ್ತೀರಿ?" ಎಂದು ಅವಳು ರೇಗುತ್ತಿದ್ದಳು.

ಅವನಿಗಿದ್ದ ಒಂದೇ ಹುಚ್ಚು ಊರಿನ ವಾಲಿಬಾಲ್ ತಂಡ. ಅವನೇನೂ ಆಡಿದವನಲ್ಲ. ಚಿಕ್ಕಂದಿನಲ್ಲಿ ನೆಟ್ಟಿನ ಹತ್ತಿರ ನಿಲ್ಲಿಸಿದರೆ ಚೆಂಡು ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದನಂತೆ. ಕೂಗುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ತಂಡ ಎಲ್ಲಿಗೆ ಹೋದರೂ ಟೆಂಪೋ ಮಾಡಿಕೊಂಡು ಹಿಂದೆಯೇ ಹೊರಡುವ ನಡುವಯಸ್ಸಿನವರ ಒಂದು ಗುಂಪಿತ್ತು. ಅದಕ್ಕೆ ಅವನೇ ಯಜಮಾನ. ಹೋದ ವರ್ಷ ಆ ಗುಂಪಿನವರೂ ಆಟಗಾರರಂತೆ ನೀಲಿ ಜರ್ಸಿ ಹೊಲಿಸಿಕೊಂಡಾಗ ಊರೆಲ್ಲ ನಕ್ಕಿತು. ಹೊಟ್ಟೆಯ ಮೇಲೆ ಬಿಗಿದುಕೊಂಡ ಮಿರಮಿರ ಮಿನುಗುವ ಬಟ್ಟೆ, ಮೇಲೆ ನರೆತ ಮೀಸೆ.

"ಮೊಮ್ಮಕ್ಳ ಬಟ್ಟೆ ಒಣಗಾಕಿದ್ರೆ ಎತ್ಕಂಡು ಆಕ್ಕಂಡಂಗದೆ" ಎಂದಳು ಗುರುಮಲ್ಲಮ್ಮ.

ಮಹಾಲಿಂಗನಿಗೆ ಅದು ನಗುವ ವಿಷಯವಾಗಿರಲಿಲ್ಲ. ಜರ್ಸಿಗೆ ಒಂದು ಮರ್ಯಾದೆ ಉಂಟು ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ. ಆಟದ ದಿನ ಬಿಟ್ಟು ಬೇರೆ ದಿನ ತೊಡಕೂಡದು. ತೊಟ್ಟುಕೊಂಡು ಬಾರಿಗೆ ಹೋಗಕೂಡದು, ಸಾವಿನ ಮನೆಗೂ ಹೋಗಕೂಡದು. ಸೋತರೆ ಅವಮಾನವೆಂದು ದಾರಿಯಲ್ಲಿ ಬಿಚ್ಚಿ ಚೀಲಕ್ಕೆ ತುರುಕಕೂಡದು. ಬೆನ್ನ ಮೇಲೆ ನಂಬರಂತೂ ಇರಲೇಕೂಡದು.

"ಆಡೋನ್ಗೆ ನಂಬರು, ಕೂಗೋನ್ಗೆ ಊರೆಸ್ರು. ಆಡ್ದೆ ನಂಬರ್ ಆಕ್ಕಳದು ಕದ್ದಂಗೆ ಕಣ್ರಲಾ" ಎಂದಿದ್ದ. ಉಳಿದವರು ತಲೆಯಾಡಿಸಿದ್ದರು.

ಗಂಗಾಧರಸ್ವಾಮಿ ಊರಿಗೆ ಬಂದದ್ದು ಅದಾದ ಮೇಲೆ. ಐವತ್ತರ ಹತ್ತಿರದ, ಸಣಕಲು ಮೈಯ ಆಸಾಮಿ. ಚಾಮರಾಜನಗರದ ಒಂದು ಅರಿಶಿನ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಉಡಿಗಾಲದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಕೆಲಸ ಪಟ್ಟಣದಲ್ಲಿದ್ದರೆ ಕೋಣೆ ಇಲ್ಲಿ ಯಾಕೆ? ಮಹಾಲಿಂಗನಿಗೆ ಮೊದಲ ಮುಳ್ಳು ಅಲ್ಲೇ ಚುಚ್ಚಿತು. ಯಾವ ಊರಪ್ಪ ಎಂದರೆ, ಗುಂಡ್ಲುಪೇಟೆ ಕಡೆ ಎಂದಷ್ಟೇ ಹೇಳಿದ. ಹೆಂಡತಿ ಮಕ್ಕಳು ಎಂದರೆ, ಅವ್ರೆ ಎಂದು ಮಾತು ತೇಲಿಸಿದ.

ಒಂದು ಸಂಜೆ ತಂಡ ಅಭ್ಯಾಸ ಮಾಡುವಾಗ ಬಂದು ನಿಂತ. ನಾನೂ ನಿಮ್ಮ ಗುಂಪಿಗೆ ಸೇರಬಹುದೇ ಎಂದು ವಿನಯವಾಗಿ ಕೇಳಿದ. ಕೇಳಿದ ಮರುಕ್ಷಣ ಇನ್ನೊಂದು ಪ್ರಶ್ನೆ ಹಾಕಿದ.

"ನೀವು ಓಗೋ ಕಡೆಗೆಲ್ಲ ಗುಂಡ್ಲುಪೇಟೆ ಟೀಮೂ ಬತ್ತದಾ?"

"ಬತ್ತದೆ. ಯಾಕೆ?"

"ಸುಮ್ನೆ ಕೇಳ್ದೆ ಕಣಣ್ಣ."

ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ ಎನ್ನುವುದು ಮಹಾಲಿಂಗನ ಅನುಭವ. ಆದರೆ ತಂಡದ ಕ್ಯಾಪ್ಟನ್ ರಂಗನಾಯಕ, ಇಪ್ಪತ್ತೆಂಟರ ಹುಡುಗ, ಯಾರು ಬಂದರೂ ಬರಲಿ ಎನ್ನುವ ಸ್ವಭಾವದವನು. ಮಿಕ್ಕಿದ್ದ ಒಂದು ಜರ್ಸಿಯನ್ನು ಅವನೇ ತಂದುಕೊಟ್ಟ.

ಮುಂದಿನ ಪಂದ್ಯದ ದಿನ ಗಂಗಾಧರಸ್ವಾಮಿ ಟೆಂಪೋ ಹತ್ತಿ ಬೆನ್ನು ತಿರುಗಿಸಿದಾಗ ಎಲ್ಲರೂ ಅತ್ತ ತಿರುಗಿದರು. ಉಡಿಗಾಲ ಎಂಬ ಅಕ್ಷರಗಳ ಕೆಳಗೆ ದೊಡ್ಡದಾಗಿ ಒಂಬತ್ತು ಎಂದು ಅಚ್ಚಾಗಿತ್ತು.

"ಏನಪ್ಪ ಇದು?" ಎಂದ ಮಹಾಲಿಂಗ.

"ನಂಬರು."

"ಅದ್ ಕಾಣ್ತದೆ. ಯಾಕ್ ಆಕ್ಸ್ದೆ ಅಂತ ಕೇಳ್ದೆ. ನಮ್ ಟೀಮಲ್ಲಿ ಒಂಬತ್ತೇ ಇಲ್ವಲ್ಲ."

"ಇಲ್ಲ ಅಂತ್ಲೇ ಆಕ್ಸ್ದೆ ಕಣಣ್ಣ. ಯಾರ್ದೂ ಕಿತ್ಕಂಡಂಗ್ ಆಗ್ನಿಲ್ವಲ್ಲ."

ರಂಗನಾಯಕ ನಕ್ಕುಬಿಟ್ಟ. "ಓಗ್ಲಿ ಬುಡು ಮಾಲಿಂಗಣ್ಣ, ಒಂದ್ ನಂಬರ್‌ಗೆ ಟೆಂಪೋ ನಿಲ್ಸಕಾಯ್ತದಾ?"

ಟೆಂಪೋ ಹೊರಟಿತು. ಮಹಾಲಿಂಗ ಮಾತ್ರ ದಾರಿಯುದ್ದಕ್ಕೂ ಆ ಬೆನ್ನನ್ನೇ ನೋಡುತ್ತ ಕುಳಿತ.

ಅಂದು ಚಾಮರಾಜನಗರದಲ್ಲಿ ಉಡಿಗಾಲಕ್ಕೆ ಎದುರಾದದ್ದು ಗುಂಡ್ಲುಪೇಟೆಯ ತಂಡವೇ. ಆ ಕಡೆಯ ಒಂಬತ್ತನೇ ನಂಬರಿನ ಹುಡುಗ ಎತ್ತರದವನು, ಬಲ ಮಂಡಿಗೆ ಬಟ್ಟೆ ಸುತ್ತಿಕೊಂಡಿದ್ದ. ಅವನು ಎಗರಿ ಒಂದು ಸ್ಮ್ಯಾಶ್ ಹೊಡೆದ. ಚೆಂಡು ಉಡಿಗಾಲದವರ ನಡುವೆ ನೆಲಕ್ಕೆ ಬಡಿದು ಜನರ ತಲೆಯ ಮೇಲೆ ಹಾರಿತು. ಆಗ ಮಹಾಲಿಂಗ ಕಂಡದ್ದೇನು? ಗಂಗಾಧರಸ್ವಾಮಿಯ ಎರಡೂ ಕೈಗಳು ಚಪ್ಪಾಳೆಗೆಂದು ಮೇಲೆದ್ದವು. ಅರ್ಧಕ್ಕೆ ಬಂದು ನಿಂತವು. ಆಮೇಲೆ ಒಂದು ಕೈ ತಲೆ ಕೆರೆಯಿತು, ಇನ್ನೊಂದು ಜೇಬಿಗೆ ಹೋಯಿತು.

ಅಲ್ಲಿಂದ ಮುಂದೆ ಮಹಾಲಿಂಗ ಚೆಂಡು ನೋಡುವುದನ್ನೇ ಬಿಟ್ಟ. ಅವನಿಗೆ ಕಂಡದ್ದೆಲ್ಲ ಒಂದರ ಪಕ್ಕ ಒಂದು ಕೂರುತ್ತ ಹೋಯಿತು. ಬೇರೆ ತಂಡಗಳು ಎದುರಿಗಿದ್ದಾಗ ಗಂಗಾಧರಸ್ವಾಮಿ ಗಂಟಲು ಹರಿಯುವಂತೆ ಉಡಿಗಾಲ ಉಡಿಗಾಲ ಎಂದು ಕೂಗುತ್ತಿದ್ದ. ಗುಂಡ್ಲುಪೇಟೆ ಬಂದರೆ ದನಿ ಇಳಿಯುತ್ತಿತ್ತು. ಉಡಿಗಾಲದ ಆಟ ಮುಗಿದು ಎಲ್ಲರೂ ಊಟಕ್ಕೆ ಎದ್ದರೂ ಗುಂಡ್ಲುಪೇಟೆಯವರ ಮುಂದಿನ ಆಟ ನೋಡಲು ಅವನೊಬ್ಬನೇ ಬಿಸಿಲಲ್ಲಿ ನಿಂತಿರುತ್ತಿದ್ದ, ಅದೂ ಉಡಿಗಾಲದ ಜರ್ಸಿ ತೊಟ್ಟುಕೊಂಡು. ವಾಪಸು ಬರುವಾಗ ಟೆಂಪೋದ ಮೂಲೆಯಲ್ಲಿ ಕೂತು ಫೋನಿನಲ್ಲಿ ಮೆಲ್ಲಗೆ ಮಲಯಾಳ ಮಾತಾಡುತ್ತಿದ್ದ. ಯಾರಪ್ಪ ಎಂದರೆ, ಗುರುತಿನವರು ಎನ್ನುತ್ತಿದ್ದ.

ಉಡಿಗಾಲ ಗುಂಡ್ಲುಪೇಟೆಯ ಎದುರು ಮತ್ತೆ ಮತ್ತೆ ಸೋತಿತು. ರಂಗನಾಯಕನ ಎಡ ಭುಜಕ್ಕೆ ಪೆಟ್ಟಾಗಿತ್ತು. ಗುಂಡ್ಲುಪೇಟೆಯವರು ಅದು ಗೊತ್ತಿದ್ದವರಂತೆ ಚೆಂಡನ್ನು ಅವನ ಎಡಗಡೆಗೇ ಹಾಕುತ್ತಿದ್ದರು. ಹೇಳಿದವರು ಯಾರು?

"ನಮ್ ಜರ್ಸಿ ಆಕ್ಕಂಡು ಅವ್ರ್‌ ಕೆಲ್ಸ ಮಾಡ್ತಾವ್ನೆ" ಎಂದ ಮಹಾಲಿಂಗ ಊಟಕ್ಕೆ ಕೂತಾಗ.

"ಯಾವ್ ಕೆಲ್ಸ? ಬಾಲಾಟ ತಾನೆ ಅದು? ದೇಶದ್ ಗುಟ್ಟಾ?" ಎಂದಳು ಗುರುಮಲ್ಲಮ್ಮ.

"ನಿಂಗೊತ್ತಾಗಲ್ಲ. ಆ ಮನ್ಸನ್ ನಡ್ಗೆನೇ ಸರಿಯಿಲ್ಲ."

"ಮೂಟೆ ಒರೋರ್ ನಡ್ಗೆ ಇನ್ನೆಂಗಿರ್ತದೆ?" ಎಂದು ಅವಳು ಮುದ್ದೆ ಬಡಿಸಿ ಒಳಗೆ ಹೋದಳು.

ಗುಂಡ್ಲುಪೇಟೆಯಲ್ಲಿ ಟೂರ್ನಮೆಂಟ್ ಎಂದು ಗೊತ್ತಾದಾಗ ಮಹಾಲಿಂಗ ರಜೆ ಹಾಕಿಯೇ ಹೊರಟ. ಊರ ಹೊರಗಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಪಕ್ಕದ ರಸ್ತೆಯಲ್ಲಿ ಕೇರಳದ ಕಡೆಗೆ ಚೆಂಡುಹೂವಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಉಡಿಗಾಲದ ಆಟಕ್ಕೆ ಇನ್ನೂ ಹೊತ್ತಿತ್ತು. ಗಂಗಾಧರಸ್ವಾಮಿ ಯಾರಿಗೂ ಹೇಳದೆ ಎದ್ದ. ಚೀಲದಿಂದ ಒಂದು ತುಂಬುತೋಳಿನ ಅಂಗಿ ತೆಗೆದು ಜರ್ಸಿಯ ಮೇಲೆ ತೊಟ್ಟ. ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡ.

ಮಹಾಲಿಂಗ ಎದ್ದು ಹಿಂಬಾಲಿಸಿದ. ನಿಂತಿದ್ದ ಟ್ರ್ಯಾಕ್ಟರಿನ ಮರೆಯಿಂದ ನೋಡಿದ. ಗಂಗಾಧರಸ್ವಾಮಿ ಗುಂಡ್ಲುಪೇಟೆ ತಂಡದ ಶಾಮಿಯಾನದ ಹಿಂದೆ ಹೋಗಿ ನಿಂತಿದ್ದ. ಒಂಬತ್ತನೇ ನಂಬರಿನ ಹುಡುಗ ನೀರು ಕುಡಿಯಲು ಆ ಕಡೆ ಬಂದಾಗ ಅವನ ಮುಂದೆ ಒಂದು ಪ್ಲಾಸ್ಟಿಕ್ ಕವರ್ ಚಾಚಿದ. ಹುಡುಗ ಅತ್ತಿತ್ತ ನೋಡಿ ಕವರನ್ನು ತಳ್ಳಿ ಏನೋ ಗದರಿ ಹೋದ.

ಮಹಾಲಿಂಗನಿಗೆ ಅಷ್ಟು ಸಾಕಾಗಿತ್ತು. ಓಡಿಬಂದು ತಮ್ಮವರನ್ನೆಲ್ಲ ಎಬ್ಬಿಸಿದ. ಗಂಗಾಧರಸ್ವಾಮಿ ತಿರುಗಿ ಬರುವ ಹೊತ್ತಿಗೆ ಕೋರ್ಟಿನ ಅಂಚಿನಲ್ಲಿ ಅವರೆಲ್ಲ ಸುತ್ತುಗಟ್ಟಿದ್ದರು.

"ಕವರ್‌ನಲ್ಲಿ ಏನದೆ? ಬಿಚ್ಚು" ಎಂದ ಮಹಾಲಿಂಗ. ಅದು ಅವನ ಗೇಟಿನ ದನಿ.

ಗಂಗಾಧರಸ್ವಾಮಿ ಕವರನ್ನು ಎದೆಗೆ ಒತ್ತಿಕೊಂಡ. ಮಹಾಲಿಂಗ ಕಿತ್ತುಕೊಂಡು ತೆರೆದ. ಒಳಗೆ ಮಂಡಿಗೆ ಹಾಕುವ ಒಂದು ಜೊತೆ ಪಟ್ಟಿ ಇತ್ತು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಓಹೋ, ಅವ್ರ್‌ ಆಟಗಾರ್‌ರ್ಗೆ ಉಡುಗೊರೆ ಬೇರೆ! ಏನ್ ಸಂಬಂಧ ನಿಂಗೂ ಅವ್ರ್ಗೂ?"

ಗಂಗಾಧರಸ್ವಾಮಿ ಕವರಿಗೆ ಕೈ ಚಾಚಿದ.

"ಇಂತೋನ್ ಮೈಮೇಲೆ ನಮ್ಮೂರ್ ಎಸ್ರು ಇರಬಾರ್ದು. ಬಿಚ್ಚು ಜರ್ಸಿನ."

ಗುಂಪಿನಲ್ಲಿ ಒಬ್ಬಿಬ್ಬರು, ಮನೆಗೆ ಹೋಗಿ ನೋಡಿಕೊಳ್ಳೋಣ ಎಂದರು. ಮಹಾಲಿಂಗ ಕೇಳಲಿಲ್ಲ. ಗಂಗಾಧರಸ್ವಾಮಿ ವಾದ ಮಾಡಲಿಲ್ಲ. ಅಂಗಿಯ ಗುಂಡಿ ಒಂದೊಂದಾಗಿ ತೆಗೆದ, ಜರ್ಸಿಯನ್ನು ತಲೆಯ ಮೇಲಿಂದ ಎಳೆದು ಮಹಾಲಿಂಗನ ಕೈಗಿಟ್ಟ. ತೂತುಬಿದ್ದ ಬನಿಯನ್ನಿನಲ್ಲಿ, ಅಷ್ಟು ಜನರ ನಡುವೆ, ನೆಲ ನೋಡುತ್ತ ನಿಂತ. ಸುತ್ತ ಜನ ಸೇರಿದರು. ಯಾರೋ ಸೀಟಿ ಹೊಡೆದರು.

ಆ ಕಡೆಯಿಂದ ಒಂಬತ್ತನೇ ನಂಬರಿನ ಹುಡುಗ ನೆಟ್ಟಿನ ಕೆಳಗೆ ನುಸುಳಿ ಬಂದ. ಅವನ ಹೆಸರು ರೇವಂತ್ ಎಂದು ಉಡಿಗಾಲದವರಿಗೆ ಗೊತ್ತಾದದ್ದು ಅಂದೇ.

"ಏನಾಯ್ತು? ಯಾಕ್ ಬಟ್ಟೆ ಬಿಚ್ಚುಸ್ತಿದ್ದೀರಿ?"

"ನಿಮ್ ಕಡೆಯೋನು ನಮ್ ಜರ್ಸಿ ಆಕ್ಕಂಡು ಕಳ್ಳಾಟ ಆಡ್ತಿದ್ದ" ಎಂದ ಮಹಾಲಿಂಗ.

"ನಮ್ ಕಡೆಯೋರೂ ಅಲ್ಲ" ಎಂದ ರೇವಂತ್. ಸ್ವಲ್ಪ ತಡೆದು ಹೇಳಿದ, "ನಮ್ಮಪ್ಪ."

ಮಹಾಲಿಂಗ ಒಪ್ಪಲಿಲ್ಲ. ಅಷ್ಟು ಬೇಗ ಒಪ್ಪುವ ಅಭ್ಯಾಸ ಅವನಿಗಿರಲಿಲ್ಲ. "ಅಪ್ಪ ಆದ್ರೆ ನಿನ್ ಕಡೆ ಕೂತ್ಕಬೇಕು. ಈ ಕಡೆ ಯಾಕ್ ಕೂತವ್ನೆ?"

"ನಮ್ ಕಡೆ ಬರ್ಬ್ಯಾಡ ಅಂತ ನಾನೇ ಅಂದಿದ್ದೆ. ಅದ್ಕೆ." ಹುಡುಗ ತಂದೆಯ ಮುಖ ನೋಡಲಿಲ್ಲ. ಮಹಾಲಿಂಗನ ಕೈಯಲ್ಲಿದ್ದ ಜರ್ಸಿಯ ಮೇಲಿನ ನಂಬರನ್ನು ಒಂದು ಗಳಿಗೆ ನೋಡಿ ತಿರುಗಿ ಹೋದ.

ಗಂಗಾಧರಸ್ವಾಮಿ ಅಂಗಿ ತೊಟ್ಟುಕೊಂಡು ರಸ್ತೆಯ ಕಡೆ ನಡೆದ. ಅಂದು ಅವನು ಟೆಂಪೋ ಹತ್ತಲಿಲ್ಲ. ವಾಪಸು ಬರುವಾಗ ಎಲ್ಲರೂ ಮಹಾಲಿಂಗನಿಂದ ಸರಿದು ಕುಳಿತರು. ಮಹಾಲಿಂಗ ತಡೆಯಲಾರದೆ ಕೇಳಿದ, "ಅಂಗಾದ್ರೆ ನಿನ್ ಭುಜದ್ ಇಚಾರ ಅವ್ರ್ಗೆ ಎಂಗ್ ಗೊತ್ತಾಯ್ತು ರಂಗ?"

"ಪಟ್ಟಿ ಸುತ್ಕಂಡೇ ಆಡ್ತಿದ್ನಲ್ಲಣ್ಣ. ಕಣ್ ಇರೋರ್ಗೆಲ್ಲ ಕಾಣ್ತದೆ" ಎಂದು ರಂಗನಾಯಕ ಕಿಟಕಿಯ ಕಡೆ ಮುಖ ತಿರುಗಿಸಿದ.

ಮರುದಿನ ಗೇಟಿನಲ್ಲಿ ಮಹಾಲಿಂಗನಿಗೆ ಕೆಲಸ ಓಡಲಿಲ್ಲ. ಒಬ್ಬ ಹೆಂಗಸು ತಾನಾಗಿಯೇ ಡಬ್ಬಿ ತೆರೆದು ಹಿಡಿದರೆ, ಆಯ್ತು ಹೋಗಮ್ಮ ಎಂದುಬಿಟ್ಟ. ಬನಿಯನ್ನಿನಲ್ಲಿ ನಿಂತವನ ಹೆಗಲ ಮೇಲೆ ಮೂಟೆ ಹೊತ್ತು ಕಟ್ಟಿದ ಗಟ್ಟಿ ಚರ್ಮ ಕಣ್ಣಿಗೆ ಮತ್ತೆ ಮತ್ತೆ ಬರುತ್ತಿತ್ತು. ಸಂಜೆ ನೇರವಾಗಿ ಗಂಗಾಧರಸ್ವಾಮಿಯ ಕೋಣೆಗೆ ಹೋದ. ಅವನು ಚಾಪೆ ಸುತ್ತಿ ಹಗ್ಗ ಕಟ್ಟುತ್ತಿದ್ದ.

"ಎಲ್ಗೆ?"

"ಇನ್ನೆಲ್ಲಾರ ನೋಡ್ಕತೀನಿ."

ಮಹಾಲಿಂಗ ಹೊಸ್ತಿಲ ಮೇಲೆ ಕುಳಿತ. ಕ್ಷಮಿಸು ಎನ್ನಲು ಬಂದವನ ಬಾಯಲ್ಲಿ ಪ್ರಶ್ನೆಗಳೇ ಬಂದವು. ಗಂಗಾಧರಸ್ವಾಮಿ ಈ ಸಲ ಬಚ್ಚಿಡಲಿಲ್ಲ. ಅವನು ಗುಂಡ್ಲುಪೇಟೆಯಿಂದ ಕೇರಳದ ಬತ್ತೇರಿಗೆ ತರಕಾರಿ ಲಾರಿ ಓಡಿಸುತ್ತಿದ್ದ. ಅಲ್ಲೇ ಇನ್ನೊಂದು ಸಂಸಾರ ಹೂಡಿದ. ರೇವಂತ್ ಹೈಸ್ಕೂಲು ಮುಗಿಸುವವರೆಗೂ ಈ ಕಡೆ ತಲೆ ಹಾಕಲಿಲ್ಲ. ಅಲ್ಲಿಯದು ಮುರಿದು ಬಿದ್ದ ಮೇಲೆ ತಿರುಗಿ ಬಂದರೆ ಹೆಂಡತಿ ಬಾಗಿಲು ತೆಗೆಯಲಿಲ್ಲ. ನಮ್ಮವರ ನಡುವೆ ನೀನು ನಿಂತರೆ ನಾನು ಆಟವನ್ನೇ ಬಿಡುತ್ತೇನೆ ಎಂದು ಮಗ ಹೇಳಿದ. ಮಗನ ತಂಡಕ್ಕೆ ಹೆಚ್ಚಾಗಿ ಎದುರಾಗುವವರು ಯಾರು ಎಂದು ವಿಚಾರಿಸಿಕೊಂಡು ಅವನು ಉಡಿಗಾಲಕ್ಕೆ ಬಂದಿದ್ದ.

"ಮತ್ತೆ ಆ ಫೋನು? ಮಲಯಾಳ?"

ಗಂಗಾಧರಸ್ವಾಮಿ ಹಗ್ಗದ ಗಂಟನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿದ. "ಅಲ್ಲೂ ಒಬ್ಳು ಮಗ್ಳವ್ಳೆ ಕಣಣ್ಣ. ಅವ್ಳಿಗೂ ಅಪ್ಪ ಬೇಕಲ್ಲ."

ಮಹಾಲಿಂಗನಿಗೆ ಅವನ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು. ಇವನನ್ನು ನಂಬಬಾರದೆಂದು ತನಗೆ ಅನಿಸಿದ್ದು ಪೂರ್ತಿ ಸುಳ್ಳೂ ಅಲ್ಲ ಎಂದು ಒಳಗೊಳಗೆ ಒಂದು ಸಮಾಧಾನ. ಅದಕ್ಕೆ ನಾಚಿಕೆಯೂ ಆಯಿತು.

"ಜನದ್ ಮುಂದೆ ಬಿಚ್ಚುಸ್ಬಾರ್ದಾಗಿತ್ತು" ಎಂದ ಕೊನೆಗೆ. "ಅದು ನನ್ ತಪ್ಪೇ. ಆದ್ರೆ ನಂಬರ್ ಆಕ್ಸಿದ್ದು ನಿನ್ ತಪ್ಪು."

"ಊಂ."

"ಚಾಪೆ ಬಿಚ್ಚು. ಇರು ಇಲ್ಲೇ."

ಗಂಗಾಧರಸ್ವಾಮಿ ಉಳಿದುಕೊಂಡ. ಜರ್ಸಿಯನ್ನು ಮತ್ತೆ ತೊಡಲಿಲ್ಲ, ಟೆಂಪೋವನ್ನೂ ಹತ್ತಲಿಲ್ಲ. ಮಂಡಿ, ಕೋಣೆ, ಮಂಡಿ ಎಂದಿದ್ದುಬಿಟ್ಟ. ಅವನಿಲ್ಲದೆ ಗುಂಪು ಬೇರೆ ಊರುಗಳಿಗೆ ಹೋಗಿ ಕೂಗಿ ಬಂತು. ಮಹಾಲಿಂಗನ ದನಿಯೇ ಮೊದಲಿನಂತಿಲ್ಲ ಎಂದು ಕೆಲವರು ಆಡಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಮಹಾಲಿಂಗನ ಮನೆಯ ಮುಂದೆ ಒಂದು ಬೈಕು ನಿಂತಿತು. ಇಳಿದವನು ರೇವಂತ್. ಇಲ್ಲಿ ಗಂಗಾಧರಸ್ವಾಮಿ ಎನ್ನುವವರ ಕೋಣೆ ಯಾವುದು ಎಂದು ಕೇಳಿದ. ಎದುರಿಗಿರುವವನು ಯಾರೆಂದು ಆಮೇಲೆ ಗುರುತು ಸಿಕ್ಕಿ ಮುಖ ಗಂಟಿಕ್ಕಿಕೊಂಡ.

ಮಹಾಲಿಂಗ ಗೇಟಿನವನೇ ಆಗಿ ಅಡ್ಡ ನಿಂತ. ಜಗಳಕ್ಕೆ ಬಂದಿರಬಹುದು, ಇನ್ನೇನೋ ಇರಬಹುದು. "ಯಾಕ್ ಬಂದೆ?"

"ಅವತ್ತಿನ್ ಇಚಾರ ಕೇಳಿ ಅವ್ವ ಕಳಿಸವ್ಳೆ."

"ಏನ್ ಕಳಿಸವ್ರೆ?"

ಹುಡುಗ ಬರಿಗೈ ತೋರಿಸಿದ. "ನನ್ನ."

ಮಹಾಲಿಂಗ ಪಕ್ಕಕ್ಕೆ ಸರಿದು ಕೋಣೆಯ ಕಡೆ ಕೈ ತೋರಿಸಿದ. ಹುಡುಗ ಹೋದ. ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿಗೆ ಒಳಗಿಂದ ಏರಿದ ದನಿ ಕೇಳಿಸಿತು, ಮಗನದು. ಮಹಾಲಿಂಗ ಬೀದಿಯ ತಿರುವಿನವರೆಗೂ ಹೋಗಿ, ಅಲ್ಲೇ ನಿಂತು ಕಿವಿಗೊಟ್ಟ. ಒಂದು ಮಾತೂ ಸ್ಪಷ್ಟವಾಗಲಿಲ್ಲ. ಮನೆಯೊಳಗಿಂದ ಗುರುಮಲ್ಲಮ್ಮ, ತಿಂಡಿ ಆರಿಹೋಯ್ತದೆ ಬನ್ನಿ ಎಂದು ಕೂಗಿದಳು. ಎರಡನೆಯ ಸಲ ಕೂಗಿದಾಗ ಹೋದ.

ಬೈಕು ಹೊರಟ ಸದ್ದು ಕೇಳಿದ್ದು ಮಧ್ಯಾಹ್ನ ತಿರುಗಿದ ಮೇಲೆ. ಸಂಜೆ ಗಂಗಾಧರಸ್ವಾಮಿ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ. ಏನೂ ಕೇಳಬಾರದು ಎಂದುಕೊಂಡೇ ಮಹಾಲಿಂಗ ಹತ್ತಿರ ಹೋದ.

"ಏನಂದ?"

"ಬೈದ ಕಣಣ್ಣ. ಚೆನ್ನಾಗಿ ಬೈದ. ಅಷ್ಟೂ ವರ್ಷ್ದಿಂದ ಇಟ್ಕಂಡಿದ್ದ ಅನ್ನಿಸ್ತದೆ."

"ಆಮ್ಯಾಕೆ?"

"ಆಮ್ಯಾಕೆ ಅಸಿವಾಯ್ತದೆ ಅಂದ. ಅನ್ನ ಸಾರು ಮಾಡಿ ಇಕ್ಕ್ದೆ. ಉಪ್ಪು ಜಾಸ್ತಿ ಅಂದ. ಉಂಡ."

ಬಿಂದಿಗೆ ತುಂಬಿ ನೀರು ಹೊರಚೆಲ್ಲುತ್ತಿತ್ತು. ಮಹಾಲಿಂಗನೇ ಬಗ್ಗಿ ನಲ್ಲಿ ನಿಲ್ಲಿಸಿದ.