ಅವ್ವ ಸೋಸಿದ ಅಳಿವೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ದೊಡ್ಡ ವಿಜ್ಞಾನಿಯಾಗಿದ್ದೆ. ಅಂದರೆ, ಧಾರವಾಡದ ಪ್ರೊಫೆಸರೊಬ್ಬರ ನೀರಿನ ಕ್ಯಾನು ಹೊರುತ್ತಿದ್ದೆ. ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ, ಅದರ ಹಿಂದಿನ ಸರೋವರ, ಎರಡರಲ್ಲೂ ಇರುವ ಸಾಸಿವೆಗಿಂತ ಸಣ್ಣ ಹುಳಗಳನ್ನು ಎಣಿಸುವುದು ಅವರ ಸಂಶೋಧನೆ. ಬಯಲುಸೀಮೆಯ ಯಮನೂರಿನ ಬಾಜು ಹುಟ್ಟಿ, ಜಗತ್ತಿನ ನೀರೆಲ್ಲ ಬೆಣ್ಣಿಹಳ್ಳದಲ್ಲೇ ಮುಗಿಯುತ್ತದೆಂದುಕೊಂಡವನಿಗೆ ಈ ಕೆಲಸ ಸಿಕ್ಕಿದ್ದು ವಿಜ್ಞಾನದ ದುರ್ದೈವ.

"ಹುಳಾ ಜೀವಂತ ಬರಬೇಕ್ ನೋಡಪಾ. ಸತ್ತೂವಂದ್ರ ಮುಂದಿನ ಸಲ ನೀ ಬರೂದು ಬ್ಯಾಡ," ಎಂದು ಹೇಳಿ ಪ್ರೊಫೆಸರು ಒಂದು ಸಲ ನನಗಿಂತ ಮೊದಲೇ ಧಾರವಾಡಕ್ಕೆ ಹೊರಟರು. ಮರುದಿನ ಒಪ್ಪಿಸಿದರೆ ಸಾಕಿತ್ತು. ಅವ್ವನ ರೊಟ್ಟಿಯ ಆಸೆಗೆ ನಾನು ಅಳಿವೆಯದೊಂದು, ಸರೋವರದ್ದೊಂದು ಕ್ಯಾನು ಹೊತ್ತು ಊರಿನ ಬಸ್ಸು ಹತ್ತಿದೆ. ಮನೆ ಸೇರಿ, ಹುಳಗಳಿಗೆ ಗಾಳಿ ಆಡಲೆಂದು ಮುಚ್ಚಳ ತೆಗೆದಿಟ್ಟು, ಉಂಡು ಮಲಗಿದೆ. ಅಗದಿ ಜಾಣ!

ಬಾವಿಯೆಲ್ಲ ಸವಳಾಗಿ ಕೆರೆಯ ನೀರನ್ನೇ ಕುಡಿಯುವ ನಮ್ಮೂರಿನಲ್ಲಿ, ಒಬ್ಬ ಬಸ್ಸಿನಲ್ಲಿ ನೀರು ತಂದರೆ ಅದು ಸಿಹಿನೀರೇ ಇರಬೇಕು. ಎದ್ದು ನೋಡುವಷ್ಟರಲ್ಲಿ ಅವ್ವ ಎರಡು ಪದರ ಸೀರೆ ಬಟ್ಟೆಯಲ್ಲಿ ಸೋಸಿ, ಅಳಿವೆ, ಸರೋವರ ಎರಡನ್ನೂ ಒಂದೇ ಹರವಿಗೆ ತುಂಬಿದ್ದಳು. ಹುಳ ಉಳಿದ ಬಟ್ಟೆ ಬಿಸಿಲಿಗೆ ಒಣಗುತ್ತಿತ್ತು. ನನ್ನ ನೌಕರಿಯೂ.

"ಥೂ, ಉಪ್ಪು! ನಮ್ಮೂರಾಗ ಸವಳ ನೀರಿಗೆ ಬರ ಬಂದಿತ್ತೇನಲೇ, ಅಷ್ಟು ದೂರದಿಂದ ಹೊತ್ಕೊಂಡು ಬಂದಿ?"

"ಹುಳಾ ಬೇಕಾಗಿದ್ದೂವು ಬೇ! ಯಾರು ಸೋಸಂದ್ರು ನಿನಗ?" ಎಂದು ಕೂಗಾಡಿದೆ. ಬುದ್ಧಿಯಿಲ್ಲದವಳು ಎಂದೂ ಅಂದೆ.

ಅವ್ವ ಕಾಲು ಮುಂದೆ ಚಾಚಿದಳು. ಹಿಮ್ಮಡಿಯ ಮೇಲೆ ಬಿಳಿ ಕಲೆ. "ಸೋಸದ ಕುಡದು ನಾರುಹುಣ್ಣಾಗಿತ್ತು. ಹುಳಾ ಇಲ್ಲಿಂದ ಹೊರಗ ಬಂತು, ಕಡ್ಡಿಗೆ ಸುತ್ತಿ ದಿನಾ ಚೂರು ಚೂರು ಎಳೀತಿದ್ರು. ನೀ ಮೊಲಿ ಕುಡಿಯೋ ಕೂಸು. ಎತ್ಕೊಳ್ಳಾಕ ಎದ್ದು ನಿಂದ್ರಾಕೂ ಆಗಲಿಲ್ಲ. ಅವತ್ತಿನಿಂದ ನಿನಗ ಸೋಸದ ಒಂದು ಹನಿ ಕುಡಿಸಿಲ್ಲ."

ನಾರುಹುಣ್ಣಿನ ಮರಿಹುಳವನ್ನು ಹೊತ್ತು ಹರಡುವುದು ಕುಡಿಯುವ ನೀರಿನ ಸಣ್ಣ ಹುಳಗಳು. ಕ್ಯಾನಿನಲ್ಲಿ ನಾನು ತಂದದ್ದು ಅವುಗಳ ದಾಯಾದಿಗಳನ್ನೇ. ಅದನ್ನು ಓದಿ ನಾನು ಪರೀಕ್ಷೆ ಪಾಸಾಗಿದ್ದೆ.

ಧಾರವಾಡಕ್ಕೆ ಹೋಗಿ ಪ್ರೊಫೆಸರಿಗೆ, "ಬಿಸಿಲಿಗೆ ಸತ್ತೂವ್ರಿ," ಎಂದೆ. ಅವ್ವ ಸೋಸಿದಳೆನ್ನಲು ನಾಚಿಕೆ. ಅವರು ಮತ್ತೆ ಕರೆಯಲಿಲ್ಲ. ಆ ನಾಚಿಕೆ ಬೇಗ ಹೋಯಿತು. ಇನ್ನೊಂದು ಹೋಗಿಲ್ಲ: ಲೆನ್ಸು ಹಿಡಿದು ಸಾವಿರಾರು ಹುಳ ನೋಡಿದವನು, ಅವ್ವನ ಕಾಲಿನ ಕಲೆ ಯಾತರದೆಂದು ಅವತ್ತಿನವರೆಗೆ ಒಮ್ಮೆಯೂ ಕೇಳಿರಲಿಲ್ಲ.