ಉಡಚಪ್ಪ ಮಾಸ್ತರರ ಶಾಲೆಯಲ್ಲಿ ಹೇಳಿ ಹೋಗುವ ಪದ್ಧತಿ

ಬಾಯಾರಿದ ಹುಡುಗನೊಬ್ಬ ತರಗತಿಯಿಂದೆದ್ದು ನೀರಿನ ಕೊಡದತ್ತ ಹೋಗುವ ಮುನ್ನ ಗುರುಗಳ ಅಪ್ಪಣೆ ಬೇಡಬೇಕೆ ಎಂಬುದಕ್ಕಿಂತ ಗಹನವಾದ ಪ್ರಶ್ನೆ ನಮ್ಮ ಶಿಕ್ಷಣ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಹಾನಗಲ್ಲ, ಹಿರೇಕೆರೂರುಗಳ ಶಿಕ್ಷಕರ ಸಭೆಗಳಲ್ಲಿ ಇದನ್ನು ಚರ್ಚಿಸಿದ ವಿದ್ವಾಂಸರಿಗೇ ಎಷ್ಟೋ ಕೊಡ ನೀರು ಬೇಕಾಯಿತು. ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀ ಉಡಚಪ್ಪ ಮಾಸ್ತರರು ಮಾತ್ರ ಒಂದೇ ಮಾತಿನಲ್ಲಿ ಅದನ್ನು ಬಗೆಹರಿಸಿದ್ದರು: “ಕೇಳಬ್ಯಾಡ್ರಿ, ಹೇಳಿ ಹೋಗ್ರಿ.”

ಇದು ಗ್ರಂಥಗಳಿಂದ ಬಂದ ತತ್ತ್ವವಲ್ಲ. ೧೯೩೦ರ ಸುಮಾರಿಗೆ ಹತ್ತಿಮತ್ತೂರಿನಲ್ಲಿ, ತೊದಲು ಮಾತಿನ ಹುಚ್ಚಪ್ಪನೆಂಬ ಹುಡುಗ ಹೊರಗೆ ಹೋಗಲು ಅಪ್ಪಣೆ ಬೇಡುವ ವಾಕ್ಯವನ್ನು ಮುಗಿಸುವಷ್ಟರಲ್ಲಿ ನಿಂತಲ್ಲೇ ಚಡ್ಡಿ ತೊಯಿಸಿಕೊಂಡ. ಮಾಸ್ತರರು ತಮ್ಮ ರುಮಾಲನ್ನು ಬಿಚ್ಚಿ ಅವನ ಸೊಂಟಕ್ಕೆ ಸುತ್ತಿ ಮನೆಗೆ ಕಳಿಸಿ, ಬೋಳುತಲೆಯಲ್ಲೇ ಪಾಠ ಮುಂದುವರಿಸಿದರು. ಅಪ್ಪಣೆಯ ಪದ್ಧತಿ ಅಂದೇ ರದ್ದಾಯಿತು.

೧೯೩೬ರಲ್ಲಿ ಅವರು ಹಿರೇಬೆಂಡಿಗೇರಿಗೆ ಬಂದಾಗ ನಾನು ಅವರ ಕೈಕೆಳಗಿನ ಶಿಕ್ಷಕನಾಗಿದ್ದೆ. ಎರಡು ವರ್ಷಗಳ ತರುವಾಯ ಶಿಗ್ಗಾವಿಯಲ್ಲಿ ಮುಖ್ಯಾಧ್ಯಾಪಕರ ಹುದ್ದೆ ತೆರವಾಯಿತು. ಮಾಸ್ತರರಿಗೆ ಹುದ್ದೆಯ ಆಸೆಯಿರಲಿಲ್ಲ. ಆದರೆ ಅವರ ಮಗಳು ಹೊಳೆವ್ವ ನಾಲ್ಕನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದಳು. ಮುಂದಿನ ಇಯತ್ತೆಗಳಿದ್ದದ್ದು ಶಿಗ್ಗಾವಿಯಲ್ಲಿ. ಹುಡುಗಿಯನ್ನು ಪರರ ಮನೆಯಲ್ಲಿಟ್ಟು ಓದಿಸಲು ತಾಯಿ ಶಾರವ್ವ ಒಪ್ಪಿರಲಿಲ್ಲ. ಬಡ್ತಿಗೆ ಮುನ್ನ ಇನ್ಸ್ಪೆಕ್ಟರರು ಶಾಲೆಯನ್ನು ನೋಡಬೇಕಿತ್ತು.

ಸಾಹೇಬರು ತಿಳಿಸದೆ ಬಂದರು. ಅದೂ ಸೀತನಿಯ ಕಾಲದಲ್ಲಿ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಹೊಲದಲ್ಲೇ ತಿಕ್ಕಿ ತಿನ್ನಲು ಕರೆದರೆ ಒಲ್ಲೆನ್ನುವ ರೂಢಿ ನಮ್ಮ ಕಡೆ ಇಲ್ಲ. ಅಂದು ಊರಿನ ರೈತರಾದ ಗುಡ್ಡಪ್ಪನವರು ಇಡೀ ಶಾಲೆಯನ್ನೇ ಕರೆದಿದ್ದರು. ಅಲ್ಲಾಭಕ್ಷನೆಂಬ ಹಿರಿಯ ಹುಡುಗ ಎದ್ದು, “ಸೀತನಿಗೆ ಹೊಂಟೇವ್ರಿ,” ಎಂದು ಎಲ್ಲರ ಪರವಾಗಿ ಹೇಳಿದ, ಎಲ್ಲರೂ ಹೋದರು.

ದೂರದಲ್ಲಿ ಸಾಹೇಬರ ಚಕ್ಕಡಿ ಕಂಡಾಗ ನಾನು, “ಹೊಲದಾಗ ಪ್ರಕೃತಿಪಾಠ ನಡದೈತಿ ಅಂತ ಹೇಳ್ರಿ,” ಎಂದೆ.

“ಹುಡುಗ್ರು ಖರೇ ಹೇಳಿ ಹೋಗ್ಯಾರ. ನಾ ಸುಳ್ಳ ಹೇಳ್ಲೇನು?”

ಸಾಹೇಬರು ಖಾಲಿ ತರಗತಿಯನ್ನು ನೋಡಿದರು. “ಯಾರ ಅಪ್ಪಣೆ ತಗೊಂಡು ಹೋದ್ರು?”

“ಯಾರದೂ ಇಲ್ರಿ. ಹೇಳಿ ಹೋದ್ರು.”

“ತಿರುಗಿ ಬರದಿದ್ರ?”

“ಬರ್ತೇವಂತನೂ ಹೇಳ್ಯಾರ್ರೀ.”

ಮಕ್ಕಳು ಶಾಲೆ ಬಿಡುವ ಗಂಟೆಗೆ ಮುನ್ನವೇ, ಮೂಗಿನವರೆಗೆ ಮಸಿ ಬಳಿದುಕೊಂಡು ಮರಳಿದರು. ಕೇಳಿದ ಮಗ್ಗಿಯನ್ನೆಲ್ಲ ತಪ್ಪದೆ ಒಪ್ಪಿಸಿದರು. ಸಾಹೇಬರು ಮಗ್ಗಿಯನ್ನು ಮೆಚ್ಚಿ, ಶಿಸ್ತನ್ನು ಮೆಚ್ಚದೆ, ಗುಡ್ಡಪ್ಪನವರು ಕಳಿಸಿದ ಸೀತನಿಯನ್ನು ಬೆಲ್ಲದೊಂದಿಗೆ ಸೇವಿಸಿ, ಹುದ್ದೆಯನ್ನು ಬೇರೊಬ್ಬರಿಗೆ ಕೊಟ್ಟರು.

ಸುದ್ದಿ ಬಂದ ದಿನ ಶಾರವ್ವನವರು ಎಂದರು: “ಊರ ಮಕ್ಕಳಿಗೆಲ್ಲಾ ಹೇಳಿ ಹೋಗಾಕ ಕಲಿಸಿದ್ರಿ. ನಮ್ಮ ಹುಡುಗಿ ಎಲ್ಲಿಗೆ ಹೊಕ್ಕೇನಂತ ಹೇಳಬೇಕ್ರೀ?”

ಮುಂದಿನ ಹತ್ತು ವರ್ಷವೂ ಅವರು ಅದೇ ಊರಲ್ಲಿ, ಅದೇ ಪದ್ಧತಿಯಲ್ಲಿ ಕಲಿಸಿದರು. ಮಕ್ಕಳಿಗೆಷ್ಟು ಸ್ವಾತಂತ್ರ್ಯವಿರಬೇಕೆಂದು ಈಗ ಸ್ವತಂತ್ರ ದೇಶವೂ ವಿಚಾರಿಸುತ್ತಿರುವುದರಿಂದ, ಪೂಜ್ಯರು ಶತಾಯುಷಿಗಳಾಗಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರಲೆಂದು ಹಾರೈಸುತ್ತೇವೆ. ಅವರ ಕೈಯಲ್ಲಿ ಕಲಿತವರಲ್ಲಿ ಅನೇಕರು ಮುಂದೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಾರೆ. ಹೊಳೆವ್ವ ಆ ಪರೀಕ್ಷೆಗೆ ಕೂಡಲಿಲ್ಲ.